ಇಳಿಯುವವರು, ಕಾಯುವವರು

ನಮ್ಮ ಮೇಸ್ತ್ರಿಯ ಲೆಕ್ಕದಲ್ಲಿ ಈ ಜಗತ್ತಿನಲ್ಲಿರುವುದು ಎರಡೇ ತರದ ಮನುಷ್ಯರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆ ದಾಟಿ ಇಳಿಯುವವರು ಒಂದು ತರ, ಮೇಲೆ ತಾರಸಿಯಲ್ಲಿ ನಿಂತು ಆ ಹಗ್ಗ ಕಾಯುವವರು ಇನ್ನೊಂದು ತರ. ಮಂತ್ರಿಯನ್ನು ಕಂಡರೂ, ಮಾಸ್ತರನ್ನು ಕಂಡರೂ, ಸ್ವಂತ ಹೆಂಡತಿಯನ್ನು ಕಂಡರೂ ಅವರು ಮನಸ್ಸಿನಲ್ಲೇ ಎರಡರಲ್ಲೊಂದು ಗುಂಪಿಗೆ ಸೇರಿಸಿಬಿಡುತ್ತಿದ್ದರು. ಆದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ತಾನು ಯಾವ ತರ ಎನ್ನುವುದನ್ನು ಅವರವರೇ ಕಂಡುಕೊಂಡು ಹೇಳಬೇಕು ಎನ್ನುವುದು ನಮ್ಮ ತಂಡದ ಕಟ್ಟಳೆ.

ನಮ್ಮದು ಎತ್ತರದ ಕಟ್ಟಡಗಳ ಗಾಜು ತೊಳೆಯುವ ತಂಡ. ಹೊಸದಾಗಿ ಸೇರಿದವರು ಮೊದಲು ಕೆಳಗೆ ನಿಂತು ಬಕೆಟ್ ತುಂಬಬೇಕು, ಸೋಪಿನ ನೀರು ಕಲಸಬೇಕು, ತಲೆ ಮೇಲೆ ಬೀಳುವ ಹನಿ ಒರೆಸಿಕೊಳ್ಳಬೇಕು. ಹಾಗೆ ಒಂದಷ್ಟು ತಿಂಗಳು ಕಳೆದ ಮೇಲೆ ಒಂದು ದಿನ ಮೇಸ್ತ್ರಿ ಹತ್ತಿರ ಕರೆದು ಕೇಳುತ್ತಾರೆ. ನನ್ನನ್ನೂ ಕೇಳಿದರು.

"ನೀನು ಯಾವ ತರದವಳು?"

"ಇಳಿಯೋಳು" ಎಂದೆ. ಅವರು ಪ್ರಶ್ನೆ ಮುಗಿಸುವ ಮೊದಲೇ ಹೇಳಿದ್ದೆ ಅಂತ ಕಾಣುತ್ತದೆ.

"ಅಷ್ಟು ಬೇಗ ಬರೋ ಉತ್ತರ ನಂಗೆ ಬೇಡ. ಇನ್ನೂ ಸ್ವಲ್ಪ ದಿನ ನಿನ್ನನ್ನ ನೀನು ನೋಡ್ಕೋ. ಯಾರನ್ನೂ ಕೇಳ್ಬೇಡ. ಕನ್ನಡಿ ಮುಂದೆ ನಿಂತ್ಕೊಂಡು ನೋಡ್ಬೇಡ, ಅಲ್ಲಿ ಎಲ್ರೂ ಚೆನ್ನಾಗೇ ಕಾಣ್ತಾರೆ. ಹೇಳಿದ ಮಾತನ್ನ ಆಮೇಲೆ ಬದಲಾಯ್ಸೋ ಹಾಗಿಲ್ಲ, ಗೊತ್ತಲ್ಲ? ನೀನು ಏನು ಅಂತೀಯೋ ಅದನ್ನ ನಂಬಿ ಇನ್ನೊಬ್ರು ಹಗ್ಗಕ್ಕೆ ಜೋತು ಬೀಳ್ತಾರೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ತಂಡದಲ್ಲಿ ನನ್ನ ಹೆಸರೇ ಪಟಾಕಿ. ನನಗೆ ನಾನು ಗೊತ್ತಿಲ್ಲ ಅಂದರೆ ಇನ್ಯಾರಿಗೆ ಗೊತ್ತು ಎಂದು ಗೊಣಗಿಕೊಂಡೇ ಮನೆಗೆ ಹೋದೆ. ನನ್ನ ಅಣ್ಣ ಇದೇ ತಂಡದಲ್ಲಿ ಇಳಿಯುವವನು. ಇಳಿಯುವವರಲ್ಲೇ ಮೊದಲನೆಯವನು. ಅವನನ್ನು ಎಲ್ಲರೂ ಹದ್ದು ಎನ್ನುತ್ತಾರೆ. ಕೆಳಗಿನಿಂದ ನೋಡಿದರೆ ಅವನು ಗಾಜಿನ ಮೇಲೆ ಕಾಲೂರಿ ಅತ್ತಿಂದಿತ್ತ ತೇಲುವುದು ಹಾಗೇ ಕಾಣುತ್ತದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಅವನು ಇಳಿಯುವ ದಿನ ಬೆಳಗ್ಗೆ ಏನೂ ತಿನ್ನುವುದಿಲ್ಲ. ಮೈ ಹಗುರವಾಗಿರಬೇಕು ಎನ್ನುವುದು ಅವನ ಗುಟ್ಟು ಎಂದು ತಿಳಿದು ಇಡೀ ತಂಡ ಬೆಳಗಿನ ತಿಂಡಿ ಬಿಟ್ಟಿತ್ತು. ಬಕೆಟ್ ಹೊರುವ ನಾನೂ ಬಿಟ್ಟಿದ್ದೆ, ನನಗೇಕೆ ಹಗುರವಾಗಬೇಕಿತ್ತೋ ದೇವರಿಗೇ ಗೊತ್ತು. ಮೂಲೆಯ ಚಹಾದಂಗಡಿಯವನು ತನ್ನ ಬನ್ನುಗಳನ್ನು ನೋಡಿಕೊಂಡು ನಮ್ಮಣ್ಣನಿಗೆ ಹಿಡಿಶಾಪ ಹಾಕುತ್ತಿದ್ದ.

"ನಾನೂ ನಿನ್ನ ತರಾನೇ ಅಂತ ಹೇಳ್ಬಿಟ್ಟೆ" ಎಂದೆ, ಊಟಕ್ಕೆ ಕೂತಾಗ.

ಅಣ್ಣ ತಲೆ ಎತ್ತಲಿಲ್ಲ. "ಬೇಡ."

"ಯಾಕೆ ಬೇಡ? ಒಂದೇ ಮನೇಲಿ ಎರಡು ಹದ್ದು ಇರಬಾರದಾ?"

"ಬೇಡ ಅಂದೆನಲ್ಲ, ಪುಟ್ಟಿ. ಸುಮ್ನೆ ಊಟ ಮಾಡು."

ಅತ್ತಿಗೆ ನೀರಿನ ಚೊಂಬು ತರುವ ನೆಪದಲ್ಲಿ ಒಳಗೆ ಹೋದವರು ಬೇಗ ಹೊರಗೆ ಬರಲಿಲ್ಲ. ನನ್ನ ತಲೆಗೆ ಹೊಳೆದದ್ದು ಒಂದೇ. ತಂಗಿ ತನ್ನ ಸರಿಸಮಕ್ಕೆ ಬರುತ್ತಾಳೆ ಎಂದು ಇವನಿಗೆ ಹೊಟ್ಟೆಕಿಚ್ಚು. ಎರಡು ದಿನ ಅವನ ಜೊತೆ ಮಾತು ಬಿಟ್ಟೆ.

ಆಮೇಲೆ ನನ್ನನ್ನೇ ನಾನು ಪತ್ತೇದಾರನಂತೆ ಹಿಂಬಾಲಿಸತೊಡಗಿದೆ. ಸೇತುವೆಯ ಕಂಬಿಗೆ ಆತು ಕೆಳಗಿನ ನೀರು ನೋಡಿದೆ. ಏನೂ ಆಗಲಿಲ್ಲ, ಖುಷಿಯೇ ಆಯಿತು. ಬೊಗಳುವ ನಾಯಿಯ ಮುಂದೆ ಹಾದುಹೋದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಾಯಿ ತೆರೆದು ಕೂತೆ. ಎಲ್ಲದರಲ್ಲೂ ಪಾಸು. ನನಗೆ ಹೆದರಿಕೆ ಎನ್ನುವುದೇ ಇಲ್ಲ ಎಂದು ಬೀಗಿದೆ.

ಒಂದು ಸಂಜೆ ಅಡುಗೆಮನೆಯ ಬಲ್ಬು ಹೋಯಿತು. ಅತ್ತಿಗೆ ಸ್ಟೂಲು ಹತ್ತಿದರು, ನಾನು ಕೆಳಗೆ ಹಿಡಿದುಕೊಂಡೆ. ಅವರು ಹಿಮ್ಮಡಿ ಎತ್ತಿ ತುದಿಬೆರಳ ಮೇಲೆ ನಿಂತದ್ದೇ ತಡ, ನಾನು ಸ್ಟೂಲಿನ ಕಾಲನ್ನು ಎರಡು ಕೈಯಲ್ಲೂ ಅಮುಕಿ ಹಿಡಿದೆ. ಅವರು ಬಿದ್ದು ತಲೆ ಒಡೆದುಕೊಂಡದ್ದು, ನಾನು ರಿಕ್ಷಾ ಹುಡುಕಿಕೊಂಡು ಓಡಿದ್ದು, ಎಲ್ಲವೂ ಕಣ್ಣ ಮುಂದೆ ಬಂದುಹೋಯಿತು.

"ಏ ಮಾರಾಯ್ತಿ, ಸ್ಟೂಲಿನ ಕಾಲು ಮುರೀತೀಯಾ? ಸ್ವಲ್ಪ ಸಡಿಲ ಬಿಡು" ಎಂದು ಅತ್ತಿಗೆ ಮೇಲಿಂದ ನಕ್ಕರು.

ನನಗೆ ನಗು ಬರಲಿಲ್ಲ. ಭಯ ಎಂದರೆ ಒಂದೇ ಎಂದುಕೊಂಡಿದ್ದೆ. ಎರಡು ಇವೆ ಎಂದು ಅಂದು ಗೊತ್ತಾಯಿತು. ನನಗೆ ಏನಾಗುತ್ತದೋ ಎನ್ನುವುದು ಒಂದು, ಅವರಿಗೆ ಏನಾಗುತ್ತದೋ ಎನ್ನುವುದು ಇನ್ನೊಂದು. ಮೊದಲನೆಯದು ನನ್ನಲ್ಲಿ ಇರಲಿಲ್ಲ, ಎರಡನೆಯದು ಎದೆಯ ತುಂಬ ಇತ್ತು. ಅಂದರೆ ನಾನು ಕಾಯುವವಳು. ಇದನ್ನು ಒಪ್ಪಿಕೊಳ್ಳಲು ನನಗೆ ಅಳುವಷ್ಟು ಬೇಜಾರಾಯಿತು. ಕಾಯುವವರನ್ನು ಯಾರು ನಿಂತು ನೋಡುತ್ತಾರೆ? ಅವರು ರಸ್ತೆಗೆ ಕಾಣುವುದೇ ಇಲ್ಲ.

ಸ್ಟೂಲು ಸುಳ್ಳು ಹೇಳಿರಬಹುದು ಎಂದು ಇನ್ನೊಂದು ಪರೀಕ್ಷೆ ಇಟ್ಟುಕೊಂಡೆ. ಮರುದಿನ ಬಕೆಟ್ ಕೊಡುವ ನೆಪ ಮಾಡಿ ತಾರಸಿಗೆ ಹೋದೆ. ಮೋಟುಗೋಡೆಯಿಂದ ಬಗ್ಗಿ ಕೆಳಗೆ ನೋಡಿದೆ. ಕಾರುಗಳು ಬೆಂಕಿಪೊಟ್ಟಣದಷ್ಟು. ಗಾಳಿ ಹಿತವಾಗಿತ್ತು. ಆಗ ಅಣ್ಣ ಗೋಡೆ ದಾಟಲು ಬಂದ. ಅವನ ಹಗ್ಗ ಕಾಯುವವನು ಒಬ್ಬ ಕುಳ್ಳ, ಬಲು ನಿಯತ್ತಿನ ಮನುಷ್ಯ. ಗಂಟು, ಕೊಂಡಿ, ಹಗ್ಗದ ಅಡಿಯ ಟೈರಿನ ತುಂಡು, ಇವುಗಳ ಮೇಲಿಟ್ಟ ಕಣ್ಣನ್ನು ಕೀಳುತ್ತಿರಲಿಲ್ಲ. ಹಾಗಾಗಿ ಗೋಡೆ ದಾಟುವಾಗಿನ ಅಣ್ಣನ ಮುಖವನ್ನು ಅವನು ಇಷ್ಟು ವರ್ಷಗಳಲ್ಲಿ ನೋಡಿಯೇ ಇರಲಿಲ್ಲ. ಕೆಳಗಿರುವ ನಮಗೆ ಕಾಣುತ್ತಿದ್ದದ್ದು ಅವನ ಬೂಟಿನ ತಳ ಮಾತ್ರ.

ನಾನು ನೋಡಿದೆ. ಅಣ್ಣನ ತುಟಿ ಬಿಳಿಚಿತ್ತು. ಗೋಡೆಯ ಮೇಲೆ ಕೂತು ಕಾಲು ಆಚೆ ಹಾಕುವಾಗ ಅವನು ಕಣ್ಣು ಮುಚ್ಚಿಕೊಂಡ. ಸೊಂಟದ ಕೊಂಡಿಯನ್ನು ಮುಟ್ಟಿದ, ಮತ್ತೆ ಮುಟ್ಟಿದ, ಮತ್ತೂ ಮುಟ್ಟಿದ. ಆಮೇಲೆ ನನ್ನನ್ನು ಕಂಡ, ಥಟ್ಟನೆ ಹಲ್ಲು ಕಿರಿದು, "ಏನು ಪಟಾಕಿ, ಟಿಕೆಟ್ ತಗೊಂಡು ಬಂದ್ಯಾ?" ಎಂದು ಇಳಿದುಹೋದ.

ಆ ಮುಖ ನನಗೆ ಗೊತ್ತಿತ್ತು. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಾದು ಕೂತವರ ಮುಖ ಅದು. ನಮ್ಮ ಹದ್ದಿಗೆ ಎತ್ತರ ಎಂದರೆ ಪ್ರಾಣಭಯ.

ಅಂದು ಮನೆಗೆ ಬಂದವಳೇ ಅತ್ತಿಗೆಯನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. "ಅಣ್ಣ ಬೆಳಗ್ಗೆ ಯಾಕೆ ತಿನ್ನಲ್ಲ?"

ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ತಿಂದ್ರೆ ನಿಲ್ಲಲ್ಲ. ವಾಂತಿ ಆಗತ್ತೆ."

"ಯಾವಾಗಿಂದ?"

"ನಾನು ಈ ಮನೆಗೆ ಬಂದಾಗಿಂದ ನೋಡ್ತಿದೀನಿ. ಮೇಸ್ತ್ರಿ ಕೇಳಿದಾಗ ಎಲ್ರೂ ಸುತ್ತ ನಿಂತಿದ್ರಂತೆ, ಇಳಿಯೋನು ಅಂದ್ಬಿಟ್ರಂತೆ. ಆಮೇಲೆ ಮಾತು ಬದಲಾಯ್ಸೋ ಹಾಗಿಲ್ಲವಲ್ಲ. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ನೀನೂ ಹೇಳ್ಬೇಡ." ಸೊಪ್ಪಿನ ಕಡ್ಡಿ ಪಕ್ಕಕ್ಕೆ ಹಾಕಿ, "ದಿನಾ ಸಂಜೆ ಗೇಟಿನ ಶಬ್ದ ಆಗೋವರೆಗೂ ನಂಗೆ ಉಸಿರು ಸರಿಯಾಗಿ ಆಡಲ್ಲ" ಎಂದರು.

ಅಲ್ಲಿಂದ ನನಗೂ ಉಸಿರು ಸರಿಯಾಗಿ ಆಡಲಿಲ್ಲ. ಬಕೆಟ್ ಹಿಡಿದು ಕೆಳಗೆ ನಿಂತಾಗ ಬೂಟಿನ ತಳ ಕಂಡರೆ ಸಾಕು, ಅದು ನೆಲ ಮುಟ್ಟುವವರೆಗೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ಹೇಳಲೇ? ಹೇಳಿದರೆ ಅಣ್ಣನ ಮಾನ ಏನಾಗಬೇಕು? ಅವನು ನನ್ನ ಮುಖ ನೋಡುತ್ತಾನೆಯೇ? ಇಷ್ಟು ವರ್ಷ ಏನೂ ಆಗಿಲ್ಲವಲ್ಲ, ಇನ್ನು ಮುಂದೂ ಆಗಲಿಕ್ಕಿಲ್ಲ. ಹೀಗೆ ದಿನಕ್ಕೊಂದು ಸಮಾಧಾನ ಹೇಳಿಕೊಂಡು ಬಾಯಿಗೆ ಬೀಗ ಹಾಕಿಕೊಂಡೆ.

ಗಾಳಿಯ ದಿನಗಳು ಶುರುವಾದವು. ಊರಿನಲ್ಲೇ ಎತ್ತರದ ಗಾಜಿನ ಕಟ್ಟಡದ ಕೆಲಸ ಸಿಕ್ಕಿತು. ಮೊದಲ ದಿನವೇ ಕುಳ್ಳನಿಗೆ ಜ್ವರ. ಮೇಸ್ತ್ರಿ ನನ್ನ ಕೈಗೆ ವಾಕಿಟಾಕಿ ಕೊಟ್ಟರು.

"ಇವತ್ತೊಂದಿನ ನಿಮ್ಮಣ್ಣನ ಹಗ್ಗ ನೀನು ಕಾಯಿ. ಸಂಜೆ ನನ್ನ ಪ್ರಶ್ನೆಗೆ ಉತ್ತರ ಹೇಳು."

ತಾರಸಿಯಲ್ಲಿ ನಾನೂ ಅಣ್ಣನೂ ಗಂಟುಗಳನ್ನು ಹಾಕಿದೆವು. ಗೋಡೆಯ ಅಂಚು ಹೊಸ ಸಿಮೆಂಟಿನದು, ಕತ್ತಿಯಂತೆ ಚೂಪಾಗಿತ್ತು. ಅದರ ಮೇಲೆ ಟೈರಿನ ತುಂಡು ಹಾಸಿ, ಕೆಲಸದ ಹಗ್ಗ ಮತ್ತು ಅದು ಕಡಿದರೆ ಹಿಡಿಯಲೆಂದು ಇರುವ ಕಾವಲಿನ ಹಗ್ಗ ಎರಡನ್ನೂ ಅದರ ಮೇಲೆ ಹಾಯಿಸಿದೆವು. ಹಗ್ಗ ಸಿಮೆಂಟಿಗೆ ಉಜ್ಜದ ಹಾಗೆ ನೋಡಿಕೊಳ್ಳುವುದೇ ಕಾಯುವವರ ಮೊದಲ ಕೆಲಸ. ಅಣ್ಣನ ಮುಖ ಆಗಲೇ ಬಿಳಿಚಿತ್ತು. ನಾನು ಬಾಯಿ ತೆರೆದೆ. ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದರು, ಇನ್ನೂ ಇಬ್ಬರು ಇದ್ದರು. "ಏನು?" ಎಂದ ಅಣ್ಣ. "ಏನಿಲ್ಲ, ಹುಷಾರು" ಎಂದೆ. ಅವನು ಕಣ್ಣು ಮುಚ್ಚಿ ಗೋಡೆ ದಾಟಿದ. ಮೇಸ್ತ್ರಿಯೂ ಉಳಿದವರೂ ಲಿಫ್ಟಿನಲ್ಲಿ ಕೆಳಗೆ ಹೋದರು.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಅರ್ಧ ಕಟ್ಟಡ ಇಳಿಯುವಷ್ಟರಲ್ಲಿ ಒಂದು ದೊಡ್ಡ ಗಾಳಿ ಬೀಸಿತು. ಬಗ್ಗಿ ನೋಡಿದರೆ ಅಣ್ಣ ಬಲಕ್ಕೆ ತೇಲಿಹೋಗಿದ್ದ. ಕಟ್ಟಡದ ಮೂಲೆಯಲ್ಲಿ ಮಳೆನೀರಿನ ದಪ್ಪ ಕೊಳವೆ ಇತ್ತು. ಅದನ್ನು ಎರಡು ಕೈಯಲ್ಲೂ ತಬ್ಬಿಕೊಂಡಿದ್ದ. ಗಾಳಿ ನಿಂತಿತು. ಅವನು ಬಿಡಲಿಲ್ಲ.

"ಅಣ್ಣ?" ಎಂದೆ ವಾಕಿಟಾಕಿಯಲ್ಲಿ. ಉತ್ತರ ಇಲ್ಲ. ಉತ್ತರ ಕೊಡಬೇಕಾದರೆ ಹೆಗಲ ಮೇಲಿನ ಗುಂಡಿ ಒತ್ತಬೇಕು, ಒತ್ತಬೇಕಾದರೆ ಒಂದು ಕೈ ಬಿಡಬೇಕು.

ಆಗ ನನ್ನ ಕಣ್ಣು ಅಂಚಿನ ಮೇಲೆ ಬಿತ್ತು. ಅವನು ಪಕ್ಕಕ್ಕೆ ಎಳೆದುಕೊಂಡು ನಿಂತದ್ದರಿಂದ ಹಗ್ಗಗಳೆರಡೂ ಟೈರಿನಿಂದ ಜಾರಿ ಬರಿಯ ಸಿಮೆಂಟಿನ ಮೇಲೆ ಬಿಗಿದು ಕೂತಿದ್ದವು. ಟೈರನ್ನು ಅಡಿಗೆ ತುರುಕಲು ನೋಡಿದೆ. ಒಂದು ಆಳಿನ ಭಾರ ಹೊತ್ತ ಹಗ್ಗ, ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಸಣ್ಣ ಗಾಳಿ ಬಂದರೂ ಹಗ್ಗ ಗರಗಸದಂತೆ ಆಚೀಚೆ ಉಜ್ಜುತ್ತಿತ್ತು. ಅಂಚಿನಲ್ಲಿ ನಾರಿನ ಪುಡಿ ಕಂಡಿತು.

"ಯಾಕೆ ನಿಂತಿದಾನೆ ಅವನು?" ಎಂದರು ಮೇಸ್ತ್ರಿ ಕೆಳಗಿನಿಂದ. ನಮ್ಮ ವಾಕಿಟಾಕಿಯಲ್ಲಿ ಒಬ್ಬರ ಮಾತು ಇಡೀ ತಂಡಕ್ಕೆ ಕೇಳುತ್ತದೆ.

"ಹಗ್ಗ... ಹಗ್ಗ ಸಿಕ್ಕಿಕೊಂಡಿದೆ ಮೇಸ್ತ್ರಿ."

ಸುಳ್ಳು ಅದಾಗಿಯೇ ಬಂದುಬಿಟ್ಟಿತು. ಅವನ ಮಾನ ಉಳಿಸಲು ನನ್ನ ನಾಲಿಗೆ ನನ್ನನ್ನು ಕೇಳಲೇ ಇಲ್ಲ.

"ಸರಿ, ಇಬ್ಬರನ್ನ ಮೇಲಕ್ಕೆ ಕಳಿಸ್ತೀನಿ. ಮೂರು ಜನ ಸೇರಿ ಒಂದ್ಸಲ ಜೋರಾಗಿ ಎಳೀರಿ, ಬಿಟ್ಕೊಳ್ಳತ್ತೆ."

ಎಳೆದರೆ? ಆ ಅಂಚಿನ ಮೇಲೆ, ಆ ಭಾರದ ಜೊತೆ ಎಳೆದರೆ? ಲಿಫ್ಟು ಹತ್ತಿದವರು ಯಾವ ಗಳಿಗೆಯಲ್ಲಾದರೂ ಬಂದು ಹಗ್ಗಕ್ಕೆ ಕೈ ಹಾಕಬಹುದಿತ್ತು. ಇನ್ನೊಂದು ಹಗ್ಗ ಕಟ್ಟಿಕೊಂಡು ನಾನೇ ಇಳಿದುಬಿಡಲೇ ಎನಿಸಿತು. ಇಳಿಯಲು ನನಗೆ ಚೂರೂ ಹೆದರಿಕೆ ಇರಲಿಲ್ಲ, ನಿಜ ಹೇಳುವುದಕ್ಕಿಂತ ಅದೇ ಸುಲಭವಾಗಿ ಕಂಡಿತು. ಆದರೆ ನಾನು ಇಳಿದರೆ ಬಂದವರು ಎಳೆಯದಂತೆ ತಡೆಯುವವರು ಯಾರು?

ಗುಂಡಿ ಒತ್ತಿದೆ.

"ಎಳೀಬೇಡಿ ಮೇಸ್ತ್ರಿ, ಯಾರೂ ಎಳೀಬಾರ್ದು. ನಾನು ಹೇಳಿದ್ದು ಸುಳ್ಳು. ಹಗ್ಗ ಎಲ್ಲೂ ಸಿಕ್ಕಿಕೊಂಡಿಲ್ಲ, ಅಂಚಿಗೆ ಉಜ್ಜುತಾ ಇದೆ. ಅಣ್ಣಂಗೆ ಭಯ ಆಗಿದೆ. ಕೊಳವೆ ಹಿಡ್ಕೊಂಡು ಬಿಡ್ತಿಲ್ಲ. ಅವನಿಗೆ ಮೊದಲಿಂದಲೂ ಭಯ."

ಮೇಲೆ ಬಂದ ಇಬ್ಬರೂ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಮೇಸ್ತ್ರಿಯ ದನಿ ಬಂತು, ತೀರಾ ಮೆತ್ತಗೆ. "ಗೊತ್ತಾಯ್ತು. ನೀನೇ ಮಾತಾಡ್ತಿರು. ಬೇರೆ ಯಾರೂ ಗುಂಡಿ ಮುಟ್ಬೇಡಿ."

ನಾನು ಗೋಡೆಯ ಮೇಲೆ ಹೊಟ್ಟೆ ಊರಿ ಮಲಗಿ, ಟೈರಿನ ತುಂಡನ್ನು ಹಗ್ಗ ವಾಪಸು ಬರಬೇಕಾದ ಜಾಗದಲ್ಲಿ ಒತ್ತಿ ಹಿಡಿದುಕೊಂಡೆ.

"ಅಣ್ಣ, ನಾನು ಪುಟ್ಟಿ. ಎಲ್ರಿಗೂ ಹೇಳ್ಬಿಟ್ಟೆ. ಬೇಕಾದ್ರೆ ಆಮೇಲೆ ಬಂದು ಬೈಕೋ. ಇನ್ನು ಮುಚ್ಚಿಡೋದು ಏನೂ ಉಳಿದಿಲ್ಲ, ಹೆದರ್ಕೊಂಡೇ ಇಳೀಬಹುದು. ಈಗ ಕೇಳು. ನೀನು ಆ ಕೊಳವೆ ಬಿಡಬೇಕು. ಬಿಟ್ರೆ ಎಡಕ್ಕೆ ಒಂದ್ಸಲ ಜೋರಾಗಿ ಜೀಕ್ತೀಯ. ಆಗ ಹೆದರಿಕೆ ಆಗತ್ತೆ, ಸುಳ್ಳು ಹೇಳಲ್ಲ. ಆಮೇಲೆ ನಿಲ್ತೀಯ. ಹಗ್ಗ ಟೈರಿನ ಮೇಲೆ ಬರತ್ತೆ. ಟೈರು ನನ್ನ ಕೈಯಲ್ಲಿದೆ."

ಅವನ ಹೆಲ್ಮೆಟ್ಟು ಅಲುಗಲಿಲ್ಲ. ಗಾಜಿನೊಳಗಿನ ಕಚೇರಿಯವರು ಕಿಟಕಿಯ ಹತ್ತಿರ ಗುಂಪು ಕಟ್ಟಿ ಫೋನು ಎತ್ತಿ ಹಿಡಿದಿರಬೇಕು, ಗಾಜಿನಲ್ಲಿ ಮಿಣಮಿಣ ಬೆಳಕು ಕಂಡಿತು. ಅವರ ವಂಶ ನಿರ್ವಂಶವಾಗಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಷ್ಟರಲ್ಲಿ ಮತ್ತೊಂದು ಗಾಳಿ ಬೀಸಿತು. ಹಗ್ಗ ಕರ್ ಎಂದಿತು. ಹೊರಗಿನ ಹೊದಿಕೆ ಒಂದು ಕಡೆ ಬಿರಿದು ಒಳಗಿನ ಬಿಳಿ ಎಳೆಗಳು ಕಂಡವು. ಅದನ್ನು ಹೇಳಲೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತು ಇರಲಿಲ್ಲ.

"ಅಣ್ಣ, ಹಗ್ಗ ಸವೀತಿದೆ. ಹಿಡ್ಕೊಂಡ್ರೇ ಬೀಳೋದು. ಬಿಡು. ಮೊದಲು ಎಡಗೈ. ನನಗೂ ಕೈಕಾಲು ನಡುಗ್ತಿದೆ, ಆದ್ರೆ ನಾನು ಇಲ್ಲಿಂದ ಏಳಲ್ಲ."

ಎಡಗೈ ಬಿಟ್ಟುಕೊಂಡಿತು. ಆಮೇಲೆ ಬಲಗೈ. ಅವನು ಎಡಕ್ಕೆ ಜೀಕಿದ, ಅವನ ಬಾಯಿಂದ ಬಂದ ಕೂಗು ಅಷ್ಟು ಎತ್ತರಕ್ಕೂ ಕೇಳಿತು. ಹಗ್ಗಗಳು ಧಡ್ಡನೆ ಬಂದು ಟೈರಿನ ಮೇಲೆ, ನನ್ನ ಬೆರಳುಗಳ ಮೇಲೆ ಕೂತವು. ನೋವಿಗೆ ಕಣ್ಣು ಕತ್ತಲಾಯಿತು. ಕೆಳಗೆ ಅವನು ಆಡಿ ಆಡಿ ನಿಂತ. ಬಹಳ ಹೊತ್ತಿನ ಮೇಲೆ ಸೊಂಟದಲ್ಲಿ ಹಗ್ಗ ಸಡಿಲಿಸುವ ಹಿಡಿಯನ್ನು ಒತ್ತಿ ಒಂದೊಂದೇ ಗೇಣು ಇಳಿಯತೊಡಗಿದ. ಅವನ ಕಾಲು ನೆಲ ಮುಟ್ಟಿದಾಗ ಹಗ್ಗ ಸಡಿಲವಾಯಿತು, ನಾನು ಬೆರಳು ಬಿಡಿಸಿಕೊಂಡು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತೆ.

ಸ್ವಲ್ಪ ಹೊತ್ತಿಗೆ ಮೇಸ್ತ್ರಿಯೂ ಅಣ್ಣನೂ ಲಿಫ್ಟಿನಲ್ಲಿ ಮೇಲೆ ಬಂದರು. ಅಣ್ಣನ ಶರಟು ಬೆವರಿಗೆ ಮೈಗಂಟಿತ್ತು. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಮೈ ಬಿಗಿಹಿಡಿದೆ. ಅವನು ಬಂದು ಬಿರಿದ ಹಗ್ಗವನ್ನು ಬೆರಳಲ್ಲಿ ಮುಟ್ಟಿ ನೋಡಿದ. ಆಮೇಲೆ ನನ್ನ ಪಕ್ಕ ಕೂತ.

"ನಿಂಗೆ ಯಾವಾಗಿಂದ ಗೊತ್ತು?"

"ಆವತ್ತು ತಾರಸಿಗೆ ಬಂದಿದ್ದೆನಲ್ಲ, ಆವತ್ತಿಂದ."

"ಹಾಗಾದ್ರೆ ಇವತ್ತು ಬೆಳಗ್ಗೇನೂ ಗೊತ್ತಿತ್ತು."

"ಗೊತ್ತಿತ್ತು."

"ನಾನು ಗೋಡೆ ದಾಟೋಕೆ ಮುಂಚೆ ಏನೋ ಹೇಳಕ್ಕೆ ಬಂದೆ."

ನಾನು ತಲೆ ಆಡಿಸಿದೆ.

"ಹೇಳಿದ್ರೆ ನಾನು ದಾಟ್ತಿರಲಿಲ್ಲ ಪುಟ್ಟಿ" ಎಂದ. ಕೋಪ ಇರಲಿಲ್ಲ ಅವನ ದನಿಯಲ್ಲಿ. ಸುಸ್ತು ಇತ್ತು. "ನಿಂಗೆ ಭಯ ಆಗತ್ತಾ ಅಂತ ಯಾರಾದ್ರೂ ಕೇಳಲಿ ಅಂತ ಎಷ್ಟೋ ವರ್ಷದಿಂದ ಕಾಯ್ತಾ ಇದ್ದೆ. ಒಬ್ರಾದ್ರೂ ಕೇಳಿದ್ರೆ ಸಾಕಿತ್ತು."

ಹಗ್ಗ ಉಜ್ಜುವಾಗ ಆದ ಭಯಕ್ಕಿಂತ ದೊಡ್ಡದೊಂದು ಭಯ ಆಗ ಬಂದು ಎದೆಯ ಮೇಲೆ ಕೂತಿತು. ಅತ್ತಿಗೆಗೆ ಆಣೆಯ ಅಡ್ಡಿ ಇತ್ತು. ಕುಳ್ಳ ಅವನ ಮುಖ ನೋಡಿರಲಿಲ್ಲ. ನಾನು ನೋಡಿದ್ದೆ, ನನ್ನ ಮೇಲೆ ಯಾವ ಆಣೆಯೂ ಇರಲಿಲ್ಲ. ಹುಷಾರು ಎಂದು ಹೇಳಿ ಅವನನ್ನು ಆಚೆ ಕಳಿಸಿದವಳು ನಾನು. ಅವನಿಗೆ ಏನಾಗುತ್ತದೋ ಎಂದು ಇಷ್ಟು ದಿನ ಒದ್ದಾಡಿದೆ. ಅವನಿಗೆ ಸಿಟ್ಟು ಬಂದರೆ ನನಗೇನಾಗುತ್ತದೋ ಎನ್ನುವ ಭಯವೇ ಅದಕ್ಕಿಂತ ಒಂದು ತೂಕ ಹೆಚ್ಚಿತ್ತು. ಸ್ಟೂಲಿನ ಹತ್ತಿರ, ಸೇತುವೆಯ ಹತ್ತಿರ ಅಷ್ಟೆಲ್ಲ ಹುಡುಕಿದ ನನಗೆ ಇದು ಕಂಡಿರಲಿಲ್ಲ.

ಮೇಸ್ತ್ರಿ ಸುತ್ತಿದ ಹಗ್ಗವನ್ನು ಚೀಲಕ್ಕೆ ಹಾಕಿ ನನ್ನ ಮುಂದೆ ಬಂದು ನಿಂತರು. ಅವರ ಕಣ್ಣಿನಲ್ಲಿ ಮೆಚ್ಚುಗೆ ಇತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಈಗ ಹೇಳಮ್ಮ. ನೀನು ಯಾವ ತರದವಳು?"

ಕಾಯುವವಳು ಎಂದಿದ್ದರೆ ಸಾಕಿತ್ತು. ಎಲ್ಲರೂ ಅದನ್ನೇ ಕೇಳಲು ನಿಂತಿದ್ದರು, ಅಣ್ಣನೂ ಸಹ.

"ಗೊತ್ತಿದ್ದೂ ಕೇಳೋಕೆ ಹೆದರೋಳು" ಎಂದೆ.

ಮೇಸ್ತ್ರಿಯ ಲೆಕ್ಕದಲ್ಲಿ ಅಂಥ ತರ ಇರಲಿಲ್ಲ.

"ಅಂಥೋರನ್ನ ನಾನು ಮೇಲೆ ನಿಲ್ಲಿಸೋ ಹಾಗಿಲ್ಲ" ಎಂದರು.

"ಗೊತ್ತು ಮೇಸ್ತ್ರಿ. ಅದಕ್ಕೇ ಹೇಳಿದ್ದು."

ಅವರು ಕೈ ಚಾಚಿದರು. ನಾನು ವಾಕಿಟಾಕಿಯನ್ನು ಹೆಗಲಿಂದ ಬಿಚ್ಚಿ ಅವರ ಕೈಗೆ ಕೊಟ್ಟೆ.